ನಿಧಾನವಾಗಿ ಬರುವ ರೋಗ: ಆಡು-ಕುರಿ ಸಾಕುವ ನಾವು ತಿಳಿಯಬೇಕಾದ ಸಂಗತಿ



ಆಡು ಬಡವರ ಆಕಳು ಎನ್ನುವ ಮಾತು ನಮಗೆಲ್ಲ ಗೊತ್ತು. ಗಾಜಿಪುರದಂತಹ ಪೇಟೆಯ ಓಣಿಯಲ್ಲಿ ಮನೆ ಮುಂದೆ ಎರಡು ಆಡು ಕಟ್ಟಿದವರಿಗೂ, ಕಮಲಾಪುರ ಕಡೆಯ ಹಳ್ಳಿಯಲ್ಲಿ ಹತ್ತು-ಹದಿನೈದು ಕುರಿ ಮೇಯಿಸುವವರಿಗೂ ಇದು ಬ್ಯಾಂಕಿನ ಪಾಸ್‌ಬುಕ್ ಇದ್ದ ಹಾಗೆ. ಮಗಳ ಶಾಲೆಯ ಖರ್ಚು ಬಂದಾಗ, ಮನೆಯಲ್ಲಿ ಯಾರಾದರೂ ದವಾಖಾನಿ ಸೇರಿದಾಗ, ಮಳೆ ಕೈಕೊಟ್ಟು ತೊಗರಿ ಒಣಗಿದಾಗ ಒಂದು ಹೋತ ಮಾರಿ ಮರ್ಯಾದೆ ಉಳಿಸಿಕೊಂಡ ಮನೆಗಳು ಎಷ್ಟೋ ಇವೆ. ಸಂಘದಲ್ಲಿ ಸಾಲ ಎತ್ತಿದಾಗಲೂ ಬಹಳ ಮಂದಿ ಹೆಣ್ಮಕ್ಕಳು ಮೊದಲು ಯೋಚಿಸುವುದು ಆಡಿನ ಬಗ್ಗೆಯೇ.

ಹಾಗಾದರೆ ಈ ಆಡು-ಕುರಿಗಳಿಗೆ ಬರುವ ಒಂದು ವಿಚಿತ್ರ ರೋಗದ ಬಗ್ಗೆ ಈ ಸಲ ತಿಳಿದುಕೊಳ್ಳೋಣ. ವಿಚಿತ್ರ ಎಂದು ಏಕೆ ಹೇಳುತ್ತೇವೆ ಎಂದರೆ, ಇದು ಬಂದದ್ದು ಗೊತ್ತಾಗುವುದಿಲ್ಲ. ಇದಕ್ಕೆ ಔಷಧಿ ಇಲ್ಲ, ಲಸಿಕೆಯೂ ಇಲ್ಲ. ಆದರೆ ತಡೆಯುವ ಕೆಲಸ ಬಹುಪಾಲು ನಮ್ಮ ಕೈಯಲ್ಲೇ ಇದೆ.

ಬೇಗ ಬರುವ ರೋಗ, ನಿಧಾನ ಬರುವ ರೋಗ

ನಮಗೆ ಗೊತ್ತಿರುವ ರೋಗಗಳು ಹೆಚ್ಚಾಗಿ ಬೇಗ ಬರುವಂಥವು. ಹಿರೇಬ್ಯಾನಿ, ಅಂದರೆ ಪಿ.ಪಿ.ಆರ್. ರೋಗವನ್ನೇ ನೋಡಿರಿ. ಇವತ್ತು ಜ್ವರ, ನಾಳೆ ಕಣ್ಣು-ಮೂಗು ಸುರಿಯುವುದು, ಆಮೇಲೆ ಬಾಯಿ ಹುಣ್ಣು, ಭೇದಿ. ವಾರ-ಹತ್ತು ದಿನದಲ್ಲಿ ಹಿಂಡಿನ ಅರ್ಧ ಖಾಲಿ ಆಗಬಹುದು. ನಮ್ಮ ದೇಶದಲ್ಲಿ ಈ ರೋಗ ಮೊದಲು ಗೊತ್ತಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಈಗ ಇದಕ್ಕೆ ಒಳ್ಳೆಯ ಲಸಿಕೆ ಇದೆ. ಒಂದು ಸಲ ಹಾಕಿಸಿದರೆ ಮೂರು ವರ್ಷದವರೆಗೂ ರಕ್ಷಣೆ ಸಿಗುತ್ತದೆ. ಕರುಳುಬ್ಯಾನಿಗೂ ಲಸಿಕೆ ಇದೆ. ಕುರಿಗಳ ಸಿಡುಬಿಗೂ ಇದೆ.

ನಿಧಾನ ಬರುವ ರೋಗ ಹಾಗಲ್ಲ. ಇವತ್ತು ರೋಗಾಣು ಮೈಯೊಳಗೆ ಹೊಕ್ಕರೆ ಲಕ್ಷಣ ಕಾಣುವುದು ಒಂದು ವರ್ಷಕ್ಕೋ, ಎರಡು ಮೂರು ವರ್ಷಕ್ಕೋ. ಅಷ್ಟರಲ್ಲಿ ಆ ಆಡು ಎರಡು-ಮೂರು ಸಲ ಈದಿರುತ್ತದೆ, ಮರಿಗಳಿಗೆ ಹಾಲು ಕೊಟ್ಟಿರುತ್ತದೆ, ಪಕ್ಕದ ಆಡುಗಳ ಜೊತೆ ಒಂದೇ ಕೊಟ್ಟಿಗೆಯಲ್ಲಿ ಮಲಗಿರುತ್ತದೆ. ಯಾವಾಗ ಬಂತು, ಯಾರಿಂದ ಬಂತು ಎಂದು ಹೇಳುವುದೇ ಕಷ್ಟ.

ಈ ರೋಗ ತರುವ ವೈರಸ್‌ಗಳ ಗುಂಪಿಗೆ ಲೆಂಟಿವೈರಸ್ ಎಂದು ಹೆಸರು. ಲೆಂಟಿ ಎಂಬುದು ಲ್ಯಾಟಿನ್ ಭಾಷೆಯ ಮಾತಿನಿಂದ ಬಂದದ್ದು. ನಿಧಾನ ಎಂದು ಅರ್ಥ. ಆಡಿಗೆ ಬಂದರೆ ಡಾಕ್ಟರು ಇದನ್ನು ಸಿ.ಎ.ಇ. ಎನ್ನುತ್ತಾರೆ, ಕೀಲುಬಾವು ಮತ್ತು ಮೆದುಳಿನ ಬಾವು ತರುವ ರೋಗ ಎಂದು ಅದರ ಅರ್ಥ. ಕುರಿಗೆ ಬಂದರೆ ಮೇಡಿ-ವಿಸ್ನಾ ಎನ್ನುತ್ತಾರೆ. ಎರಡೂ ವೈರಸ್‌ಗಳು ಹತ್ತಿರದ ಸಂಬಂಧಿಗಳು. ಆಡಿನಿಂದ ಕುರಿಗೆ, ಕುರಿಯಿಂದ ಆಡಿಗೆ ದಾಟುವುದೂ ಉಂಟು.

ಇಪ್ಪತ್ತು ಕುರಿಗಳಿಂದ ಒಂದು ದೇಶಕ್ಕೆ ಬಂದ ಕಷ್ಟ

ಮೇಡಿ, ವಿಸ್ನಾ ಎಂಬ ಹೆಸರುಗಳು ಐಸ್‌ಲ್ಯಾಂಡ್ ಎಂಬ ದೂರದ ಚಳಿ ದೇಶದ ಭಾಷೆಯವು. ಮೇಡಿ ಎಂದರೆ ಏದುಸಿರು, ವಿಸ್ನಾ ಎಂದರೆ ಸೊರಗುವುದು. ಅಲ್ಲಿ ನಡೆದ ಸಂಗತಿ ಆಡು-ಕುರಿ ಕೊಳ್ಳುವ ಎಲ್ಲರೂ ತಿಳಿಯುವಂಥದ್ದು.

1933ರಲ್ಲಿ ಆ ದೇಶದವರು ತಮ್ಮ ಕುರಿಗಳ ತಳಿ ಸುಧಾರಿಸಬೇಕೆಂದು ಜರ್ಮನಿಯಿಂದ ಕರಾಕುಲ್ ಜಾತಿಯ 20 ಕುರಿಗಳನ್ನು ತರಿಸಿದರು. ತಂದ ಮೇಲೆ ಕೆಲವು ವಾರ ಬೇರೆ ಇಟ್ಟು ನೋಡಿದರು. ಎಲ್ಲವೂ ಗಟ್ಟಿಮುಟ್ಟಾಗಿ ಕಂಡವು. ಆಮೇಲೆ ಬೇರೆ ಬೇರೆ ಊರಿನ ರೈತರಿಗೆ ಹಂಚಿದರು. ಕೆಲವು ವರ್ಷ ಕಳೆದ ಮೇಲೆ ಆ ಭಾಗದ ಕುರಿಗಳಲ್ಲಿ ಏದುಸಿರು ಶುರುವಾಯಿತು. ಮೇವು ತಿಂದರೂ ಕುರಿ ಸೊರಗಿ ಸಾಯುತ್ತಿತ್ತು. ಚಳಿಗಾಲದಲ್ಲಿ ಅಲ್ಲಿ ಕುರಿಗಳನ್ನು ತಿಂಗಳುಗಟ್ಟಲೆ ಮುಚ್ಚಿದ ಕೊಟ್ಟಿಗೆಯಲ್ಲಿ ಒತ್ತೊತ್ತಾಗಿ ಕೂಡುತ್ತಾರೆ. ಹೀಗಾಗಿ ಒಂದರಿಂದ ಒಂದಕ್ಕೆ ಉಸಿರಿನ ಮೂಲಕ ಹಬ್ಬಿತು. ಕೊನೆಗೆ ಔಷಧಿ ಏನೂ ಇಲ್ಲದೆ ರೋಗ ಇದ್ದ ಭಾಗಗಳ ಲಕ್ಷಾಂತರ ಕುರಿಗಳನ್ನು ಕಡಿದು, ರೋಗ ಇಲ್ಲದ ಕಡೆಯಿಂದ ಹೊಸ ಕುರಿ ತರಬೇಕಾಯಿತು. 1965ರ ಹೊತ್ತಿಗೆ ರೋಗ ಪೂರ್ತಿ ಹೋಯಿತು. ಮೂವತ್ತು ವರ್ಷದ ಕಷ್ಟ, ಇಪ್ಪತ್ತು ಕುರಿಗಳಿಂದ.

ಇದನ್ನು ನೋಡಿಯೇ ಅಲ್ಲಿಯ ವಿಜ್ಞಾನಿ ಬ್ಯೋರ್ನ್ ಸಿಗುರ್ಡ್ಸನ್ ಅವರು 1954ರಲ್ಲಿ, ನಿಧಾನವಾಗಿ ಕೆಲಸ ಮಾಡುವ ಸೋಂಕು ಎಂಬ ಒಂದು ಬೇರೆ ಬಗೆಯೇ ಇದೆ ಎಂದು ಜಗತ್ತಿಗೆ ತಿಳಿಸಿದರು. ಆಡುಗಳಲ್ಲಿ ಬರುವ ರೋಗವನ್ನು 1974ರಲ್ಲಿ ಅಮೆರಿಕದಲ್ಲಿ ಗುರುತಿಸಿದರು. ಅದರ ವೈರಸ್ ಸಿಕ್ಕಿದ್ದು 1980ರಲ್ಲಿ. ನಮ್ಮ ದೇಶದ ಆಡು-ಕುರಿಗಳ ರಕ್ತ ಪರೀಕ್ಷೆಯಲ್ಲಿಯೂ ಇದರ ಕುರುಹು ಕಂಡ ವರದಿಗಳಿವೆ.

ನಮ್ಮ ಭಾಗದ ದಖನಿ ಕುರಿ, ಉಸ್ಮಾನಾಬಾದಿ ಆಡು, ಬೀದರಿ ಆಡು ಬಯಲಲ್ಲಿ ಮೇಯುತ್ತವೆ. ಬಿಸಿಲು, ಗಾಳಿ ಚೆನ್ನಾಗಿ ಸಿಗುವುದರಿಂದ ಉಸಿರಿನ ಮೂಲಕ ಹಬ್ಬುವುದು ಕಡಿಮೆ. ಆದರೆ ಈಗ ಕಟ್ಟಿ ಮೇಯಿಸುವ ಶೆಡ್‌ಗಳು ಬಂದಿವೆ, ಹೊರಗಿನ ರಾಜ್ಯಗಳಿಂದ ಹೊಸ ತಳಿಗಳು ಲಾರಿಯಲ್ಲಿ ಬರುತ್ತಿವೆ. ಆದ್ದರಿಂದ ಮುಂಚೆಯೇ ತಿಳಿದಿರುವುದು ಒಳ್ಳೆಯದು.

ಲಕ್ಷಣಗಳು ಏನು?

ಈ ವೈರಸ್ ರಕ್ತದ ಬಿಳಿ ಕಣಗಳಲ್ಲಿ ಸೇರಿಕೊಂಡು ಆ ಪ್ರಾಣಿ ಬದುಕಿರುವ ತನಕ ಅಲ್ಲೇ ಇರುತ್ತದೆ. ಸೋಂಕು ತಗುಲಿದ ಬಹಳಷ್ಟು ಆಡುಗಳು ಯಾವ ಲಕ್ಷಣವನ್ನೂ ತೋರಿಸದೆ ಇರುತ್ತವೆ. ತೋರಿಸಿದರೆ ಹೀಗೆ ಕಾಣಬಹುದು:

- ಕೀಲುಬಾವು: ವರ್ಷ ದಾಟಿದ ಆಡಿನ ಮುಂಗಾಲಿನ ಮೊಣಕಾಲು ಬಾಯುತ್ತದೆ. ಮೊದಲು ಸ್ವಲ್ಪ, ಆಮೇಲೆ ದಪ್ಪ. ಕುಂಟುತ್ತದೆ, ಮೊಣಕಾಲೂರಿ ಮೇಯುತ್ತದೆ, ಹಿಂಡಿನ ಹಿಂದೆ ಉಳಿಯುತ್ತದೆ.
- ಗಟ್ಟಿ ಕೆಚ್ಚಲು: ಈದ ಮೇಲೆ ಕೆಚ್ಚಲು ಕಲ್ಲಿನ ಹಾಗೆ ಗಟ್ಟಿ ಇರುತ್ತದೆ, ಆದರೆ ಹಾಲು ಇಳಿಯುವುದಿಲ್ಲ. ಮರಿ ಹಸಿವಿನಿಂದ ಅರಚುತ್ತದೆ.
- ಏದುಸಿರು: ದೊಡ್ಡ ಕುರಿಗಳಲ್ಲಿ ಇದು ಹೆಚ್ಚು. ಸ್ವಲ್ಪ ನಡೆದರೂ ಪಕ್ಕೆ ಎಳೆಯುತ್ತದೆ, ಒಣ ಕೆಮ್ಮು ಇರುತ್ತದೆ.
- ಸೊರಗುವುದು: ಮೇವು ತಿಂದರೂ ಬೆನ್ನೆಲುಬು ಕೈಗೆ ಸಿಗುತ್ತದೆ.
- ಹಿಂಗಾಲು ಸೋಲುವುದು: ಎರಡರಿಂದ ಆರು ತಿಂಗಳ ಆಡಿನ ಮರಿಗಳಲ್ಲಿ ಒಮ್ಮೊಮ್ಮೆ ಹಿಂಗಾಲಿನ ಶಕ್ತಿ ಹೋಗುತ್ತದೆ. ಮರಿ ಚುರುಕಾಗಿಯೇ ಇರುತ್ತದೆ, ಹಾಲು ಕುಡಿಯುತ್ತದೆ, ಆದರೆ ಎದ್ದು ನಿಲ್ಲಲಾರದು. ಕುರಿಗಳಲ್ಲಿ ಇಂಥದ್ದು ದೊಡ್ಡ ವಯಸ್ಸಿನಲ್ಲಿ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. "ಮೊಣಕಾಲು ಬಾತದ, ಅದೇ ರೋಗ ಬಂದದ" ಎಂದು ಗಾಬರಿ ಆಗಬೇಡಿರಿ. ಪೆಟ್ಟು ತಗುಲಿದರೂ ಬಾಯುತ್ತದೆ. ಹೊಕ್ಕುಳ ಕೀವಾದ ಮರಿಗಳಿಗೂ ಕೀಲು ಬಾಯುತ್ತದೆ; ಬೇರೆ ರೋಗಾಣುಗಳಿಂದಲೂ ಬಾಯುತ್ತದೆ. ಕೆಮ್ಮಿಗೆ ನ್ಯುಮೋನಿಯಾ, ಜಂತು ಕಾರಣ ಇರಬಹುದು. ಸೊರಗಿದರೆ ಮೊದಲು ಜಂತಿನ ಔಷಧಿ ಆಗಿದೆಯೇ ನೋಡಬೇಕು. ಇವುಗಳಲ್ಲಿ ಬಹಳಷ್ಟಕ್ಕೆ ಚಿಕಿತ್ಸೆ ಇದೆ. "ತಾನಾಗೇ ಹೋಗ್ತದ ಬಿಡು" ಎಂದು ಕೂತರೆ ಗುಣವಾಗುವ ಆಡನ್ನೂ ಕಳೆದುಕೊಳ್ಳುತ್ತೇವೆ.

ಹೇಗೆ ಹಬ್ಬುತ್ತದೆ?

ಮುಖ್ಯ ದಾರಿ ಹಾಲು. ಸೋಂಕು ಇರುವ ತಾಯಿಯ ಗಿಣ್ಣದ ಹಾಲಿನಲ್ಲಿ, ಆಮೇಲಿನ ಹಾಲಿನಲ್ಲಿ ವೈರಸ್ ಇರುತ್ತದೆ. ಮರಿ ಕುಡಿಯುತ್ತದೆ, ಅದರ ಹೊಟ್ಟೆಗೆ ಹೋಗುತ್ತದೆ.

ಇದರಲ್ಲಿ ನಾವು ಗಮನಿಸದೇ ಮಾಡುವ ಒಂದು ಕೆಲಸ ಇದೆ. ನಾಲ್ಕು ಆಡಿನ ಹಾಲನ್ನು ಒಂದೇ ಪಾತ್ರೆಗೆ ಕರೆದು, ಹಸಿ ಹಾಲನ್ನೇ ಬಾಟಲಿಯಲ್ಲಿ ಎಲ್ಲ ಮರಿಗಳಿಗೆ ಕುಡಿಸುತ್ತೇವೆ. ತಾಯಿ ಸತ್ತ ಮರಿಯನ್ನು ಪಕ್ಕದ ಮನೆಯ ಆಡಿಗೆ ಹಚ್ಚುತ್ತೇವೆ. ನಾಲ್ಕರಲ್ಲಿ ಒಂದಕ್ಕೆ ಸೋಂಕು ಇದ್ದರೆ ಮೊದಲು ಅದರ ಮರಿಗೆ ಮಾತ್ರ ಅಪಾಯ ಇತ್ತು. ಹಾಲು ಕೂಡಿಸಿದ ಮೇಲೆ ಎಲ್ಲ ಮರಿಗಳಿಗೂ ಅಪಾಯ ಬಂತು.

ಎರಡನೆಯ ದಾರಿ ಉಸಿರು ಮತ್ತು ಒತ್ತೊತ್ತು. ಗಾಳಿ ಆಡದ ಸಣ್ಣ ಕೊಟ್ಟಿಗೆಯಲ್ಲಿ ತುಂಬಾ ಆಡು ಕೂಡಿದರೆ ಮೂಗಿನ ಸಿಂಬಳ, ಕೆಮ್ಮಿನ ಮೂಲಕ ಹಬ್ಬುತ್ತದೆ.

ಮೂರನೆಯದು ರಕ್ತ. ಒಂದೇ ಸೂಜಿಯಿಂದ ಹತ್ತು ಆಡಿಗೆ ಚುಚ್ಚುವುದು, ಕಿವಿಗೆ ಓಲೆ ಹಾಕುವ ಇಕ್ಕಳ, ಬೀಜ ಒಡೆಯುವಾಗ ಬಳಸುವ ಚಾಕು, ಇವುಗಳಿಗೆ ಅಂಟಿದ ರಕ್ತದಿಂದ ಇನ್ನೊಂದು ಪ್ರಾಣಿಗೆ ಹೋಗಬಹುದು.

ಸಮಾಧಾನದ ಸಂಗತಿಯೂ ಇದೆ. ಈ ವೈರಸ್ ಮೈಯಿಂದ ಹೊರಗೆ ಬಂದರೆ ಬಹಳ ಹೊತ್ತು ಬದುಕುವುದಿಲ್ಲ. ಬಿಸಿಲು, ಒಣ ಜಾಗ, ಕುದಿಯುವ ನೀರು, ಸಾಧಾರಣ ಕ್ರಿಮಿನಾಶಕ ಅದಕ್ಕೆ ಸಾಕು.

ಗಿಣ್ಣದ ಹಾಲು ನಿಲ್ಲಿಸಬೇಕೆ?

ಇದನ್ನು ಓದಿದ ಮೇಲೆ ಯಾರಾದರೂ ಭಯದಿಂದ ಮರಿಗೆ ಗಿಣ್ಣದ ಹಾಲು ಕುಡಿಸುವುದನ್ನೇ ಬಿಟ್ಟರೆ ದೊಡ್ಡ ತಪ್ಪಾಗುತ್ತದೆ. ಹುಟ್ಟಿದ ಮರಿಗೆ ರೋಗ ತಡೆಯುವ ಶಕ್ತಿ ಬರುವುದೇ ಗಿಣ್ಣದ ಹಾಲಿನಿಂದ. ಅದು ಸಿಗದ ಮರಿ ಭೇದಿ, ನ್ಯುಮೋನಿಯಾದಿಂದ ಮೊದಲ ವಾರಗಳಲ್ಲೇ ಸಾಯುವ ಸಂಭವ ಹೆಚ್ಚು. ನಿಧಾನದ ರೋಗಕ್ಕೆ ಹೆದರಿ ಬೇಗ ಕೊಲ್ಲುವ ರೋಗಕ್ಕೆ ಮರಿಯನ್ನು ಕೊಡಬಾರದು.

ತಾಯಿ ಆರೋಗ್ಯವಾಗಿದ್ದರೆ, ಅನುಮಾನ ಏನೂ ಇಲ್ಲದಿದ್ದರೆ, ಮರಿ ಅದರ ಗಿಣ್ಣದ ಹಾಲನ್ನೇ ಕುಡಿಯಲಿ. ಹುಟ್ಟಿದ ಒಂದು-ಎರಡು ಗಂಟೆಯೊಳಗೆ ಕುಡಿಯಬೇಕು. ಮರಿಯ ತೂಕದ ಹತ್ತನೆಯ ಒಂದು ಪಾಲು ಮೊದಲ ದಿನದಲ್ಲಿ ಹೊಟ್ಟೆಗೆ ಹೋಗಬೇಕು. ಅಂದರೆ 2 ಕಿಲೋ ತೂಕದ ಮರಿಗೆ ಸುಮಾರು 200 ಮಿಲಿ ಲೀಟರ್, ಮೂರು-ನಾಲ್ಕು ಸಲ ಮಾಡಿ.

ತಾಯಿಗೆ ಸೋಂಕು ಇದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದ್ದರೆ ಮಾತ್ರ ದಾರಿ ಬೇರೆ. ಆಗ ಮರಿ ಹುಟ್ಟಿದ ಕೂಡಲೇ, ತಾಯಿ ನೆಕ್ಕುವ ಮುಂಚೆಯೇ ಎತ್ತಿ ಒಣ ಬಟ್ಟೆಯಿಂದ ಒರೆಸಿ ಬೇರೆ ಇಡಬೇಕು. ಅದಕ್ಕೆ ಸೋಂಕು ಇಲ್ಲದ ಬೇರೆ ಆಡಿನ ಗಿಣ್ಣದ ಹಾಲು ಅಥವಾ ಆರೋಗ್ಯವಾದ ಆಕಳಿನ ಗಿಣ್ಣದ ಹಾಲು ಕುಡಿಸಬೇಕು. ತಾಯಿಯದನ್ನೇ ಕೊಡಬೇಕಾದರೆ 56 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ಗಂಟೆ ಇಟ್ಟು, ಆರಿಸಿ ಕೊಡುತ್ತಾರೆ. ಇದನ್ನು ಅಂದಾಜಿನಲ್ಲಿ ಮಾಡಲು ಬರುವುದಿಲ್ಲ. ಹೆಚ್ಚು ಕಾಯಿಸಿದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು: ಗಿಣ್ಣ ಆಗಿ ಗಟ್ಟಿಯಾಗುತ್ತದೆ! ಅದರ ರೋಗ ತಡೆಯುವ ಶಕ್ತಿಯೂ ಹೋಗುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ನಡೆಯುವುದಿಲ್ಲ. ಅದು ಅಷ್ಟು ಬಿಸಿ ತೋರಿಸುವುದಿಲ್ಲ. ಆದ್ದರಿಂದ ಡಾಕ್ಟರ ಮಾರ್ಗದರ್ಶನದಲ್ಲೇ ಮಾಡಿರಿ. ಗಿಣ್ಣದ ದಿನಗಳು ಮುಗಿದ ಮೇಲೆ ಕುದಿಸಿ, ಉಗುರುಬೆಚ್ಚಗೆ ಆರಿಸಿದ ಹಾಲು ಕೊಟ್ಟರೆ ಸಾಕು.

ಮನುಷ್ಯರಿಗೆ ಬರುತ್ತದೆಯೆ?

ಬರುವುದಿಲ್ಲ. ಇದನ್ನು ಒತ್ತಿ ಹೇಳಲು ಒಂದು ಕಾರಣ ಇದೆ. ಮನುಷ್ಯರಲ್ಲಿ ಏಡ್ಸ್ ತರುವ ಎಚ್.ಐ.ವಿ. ಕೂಡ ಇದೇ ಲೆಂಟಿವೈರಸ್ ಗುಂಪಿಗೆ ಸೇರಿದ್ದು. ಅದು ಗೊತ್ತಾದದ್ದು 1983ರಲ್ಲಿ. ಒಂದೇ ಗುಂಪು ಎಂದ ಮಾತ್ರಕ್ಕೆ ಆಡಿನ ರೋಗ ಮನುಷ್ಯರಿಗೆ ಬರುವುದಿಲ್ಲ, ಮನುಷ್ಯರ ರೋಗ ಆಡಿಗೆ ಹೋಗುವುದಿಲ್ಲ. "ಆಡಿಗೆ ಏಡ್ಸ್ ಬಂದದಂತ, ಅವರ ಮನಿ ಹಾಲು ಬ್ಯಾಡ" ಎಂಬ ಮಾತು ಓಣಿಯಲ್ಲಿ ಹುಟ್ಟಿದರೆ ಒಬ್ಬ ಹೆಣ್ಣುಮಗಳ ಹಾಲಿನ ವ್ಯಾಪಾರ ನಿಂತುಹೋಗುತ್ತದೆ. ಎಚ್.ಐ.ವಿ. ಜೊತೆ ಬದುಕುವ ಸಹೋದರಿಯರಿಗೂ ಅದರಿಂದ ನೋವು. ಅಂಥ ಮಾತು ನಮ್ಮ ಸಂಘದಲ್ಲಿ ಹುಟ್ಟಬಾರದು.

ಆದರೂ ಆಡಿನ ಹಾಲನ್ನು ಕುದಿಸಿಯೇ ಕುಡಿಯಿರಿ. ಕಾರಣ ಈ ರೋಗವಲ್ಲ. ಬ್ರೂಸೆಲ್ಲಾ ಎಂಬ ಬೇರೆ ರೋಗ. ಅದು ಹಸಿ ಹಾಲಿನಿಂದ, ಗರ್ಭ ಹೋದಾಗ ಬೀಳುವ ಮಾಸಿನಿಂದ ಮನುಷ್ಯರಿಗೂ ಬರುತ್ತದೆ. ಆಡು ಗರ್ಭ ಹಾಕಿದರೆ ಮಾಸನ್ನು ಬರಿಗೈಯಿಂದ ಮುಟ್ಟಬೇಡಿರಿ, ಆಳವಾಗಿ ಹೂಳಿರಿ.

ಅನುಮಾನ ಬಂದರೆ ಏನು ಮಾಡಬೇಕು?

ಮೊದಲು ಆ ಆಡನ್ನು ಬೇರೆ ಕಟ್ಟಿರಿ. ಅದರ ಹಾಲನ್ನು ಬೇರೆ ಮರಿಗಳಿಗೆ ಕುಡಿಸಬೇಡಿರಿ. ದನದ ದವಾಖಾನಿಗೆ ತೋರಿಸಿರಿ. ಒಯ್ಯಲು ಆಗದಿದ್ದರೆ 1962ಕ್ಕೆ ಫೋನ್ ಮಾಡಿರಿ. ಇದು ಪಶುಗಳ ಆಂಬುಲೆನ್ಸ್ ಸೇವೆಯ ಸಹಾಯವಾಣಿ.

ರೋಗ ಹೌದೋ ಅಲ್ಲವೋ ಎಂದು ಕಣ್ಣಿಂದ ನೋಡಿ ಹೇಳಲಾಗದು. ರಕ್ತ ಪರೀಕ್ಷೆ ಆಗಬೇಕು. ರಕ್ತದ ಮಾದರಿಯನ್ನು ಎಲ್ಲಿಗೆ ಕಳಿಸಬೇಕು ಎಂದು ಡಾಕ್ಟರು ಹೇಳುತ್ತಾರೆ. ನಮ್ಮ ನೆರೆಯ ಬೀದರಿನಲ್ಲಿ 2004ರಿಂದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಸಂಸ್ಥೆ ಇದೆ. ಒಂದು ವಿಷಯ ನೆನಪಿಡಿರಿ: ಆರು ತಿಂಗಳ ಒಳಗಿನ ಮರಿಯಲ್ಲಿ ತಾಯಿಯಿಂದ ಬಂದ ಅಂಶವೇ ಪರೀಕ್ಷೆಯಲ್ಲಿ ಕಾಣಬಹುದು. ಆದ್ದರಿಂದ ಆರು ತಿಂಗಳ ನಂತರ ಪರೀಕ್ಷಿಸಬೇಕು. ಹೊಸದಾಗಿ ತಗುಲಿದ ಸೋಂಕು ಕೂಡಲೇ ಪರೀಕ್ಷೆಯಲ್ಲಿ ತೋರದೆ ಇರಬಹುದು; ಅದಕ್ಕೆ ಕೆಲವು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸುತ್ತಾರೆ.

ಸೋಂಕು ಇದೆ ಎಂದು ಗೊತ್ತಾದರೆ ಆ ಆಡನ್ನು ಏನು ಮಾಡಬೇಕು? ಇದೇ ಕಷ್ಟದ ಪ್ರಶ್ನೆ. ಮೇಲೆ ನೋಡಲು ಚೆಂದ ಇದೆ, ಸಂತಿಗೆ ಒಯ್ದರೆ ಒಳ್ಳೆಯ ಬೆಲೆಗೆ ಹೋಗುತ್ತದೆ. ಆದರೆ ಅದನ್ನು ಕೊಳ್ಳುವವಳು ಯಾರು? ನಮ್ಮ ಹಾಗೆಯೇ ಇನ್ನೊಂದು ಸಂಘದಲ್ಲಿ ಸಾಲ ಎತ್ತಿದ ಹೆಣ್ಣುಮಗಳೇ. ಅವಳ ಮನೆಯಲ್ಲಿ ಅದರ ಮರಿಗಳಿಗೂ ರೋಗ ಬರುತ್ತದೆ, ಅವಳ ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಇಂಥ ಆಡನ್ನು ಸಾಕಲು ಎಂದು ಮಾರಬಾರದು. ಬೇರೆ ಕಟ್ಟಿ, ಮರಿಗಳನ್ನು ಮೇಲೆ ಹೇಳಿದ ಹಾಗೆ ಬೇರೆ ಬೆಳೆಸಬಹುದು. ಇಲ್ಲವೇ ಡಾಕ್ಟರ ಸಲಹೆ ಕೇಳಿ ಮಾಂಸಕ್ಕೆ ಕೊಡಬಹುದು. ಬೆಲೆ ಸ್ವಲ್ಪ ಕಡಿಮೆ ಬಂದೀತು, ಆದರೆ ರೋಗ ಅಲ್ಲಿಗೆ ನಿಲ್ಲುತ್ತದೆ.

ಕೊಳ್ಳುವಾಗ ಮತ್ತು ಸಾಕುವಾಗ

1. ಸಾಧ್ಯವಾದರೆ ಗೊತ್ತಿರುವ ಮನೆಯಿಂದ ಕೊಳ್ಳಿರಿ. ತಾಯಿಯನ್ನೂ ನೋಡಿರಿ. ಮೊಣಕಾಲು ಮುಟ್ಟಿ ನೋಡಿರಿ, ಕೆಚ್ಚಲು ಹಿಚುಕಿ ನೋಡಿರಿ, ನಾಲ್ಕು ಹೆಜ್ಜೆ ನಡೆಸಿ ನೋಡಿರಿ.
2. ಹೊಸ ಆಡನ್ನು ಮೂರು-ನಾಲ್ಕು ವಾರ ಬೇರೆ ಕಟ್ಟಿರಿ. ಹಿರೇಬ್ಯಾನಿಯಂಥ ಬೇಗದ ರೋಗಗಳು ಇದ್ದರೆ ಅಷ್ಟರಲ್ಲಿ ಗೊತ್ತಾಗುತ್ತವೆ. ನಿಧಾನದ ರೋಗ ಮಾತ್ರ ಅಷ್ಟರಲ್ಲಿ ಗೊತ್ತಾಗದು. ಆದ್ದರಿಂದ ಹೊರ ರಾಜ್ಯದಿಂದ ದುಬಾರಿ ತಳಿ ತರುವವರು ರಕ್ತ ಪರೀಕ್ಷೆ ಮಾಡಿಸಿಯೇ ತರುವುದು ಒಳ್ಳೆಯದು.
3. ಒಂದು ಆಡಿಗೆ ಒಂದು ಸೂಜಿ. ಲಸಿಕೆ ಹಾಕಲು ಬಂದವರಿಗೆ ಇದನ್ನು ಕೇಳಲು ಹಿಂಜರಿಯಬೇಡಿರಿ.
4. ಹಸಿ ಹಾಲು ಕೂಡಿಸಿ ಮರಿಗಳಿಗೆ ಕುಡಿಸಬೇಡಿರಿ. ತಬ್ಬಲಿ ಮರಿಗೆ ಕುದಿಸಿ ಆರಿಸಿದ ಹಾಲು ಕೊಡಿರಿ.
5. ಕೊಟ್ಟಿಗೆಗೆ ಗಾಳಿ, ಬೆಳಕು ಬರಲಿ. ಹಿಕ್ಕೆ ದಿನಾ ಗುಡಿಸಿ, ನೆಲ ಒಣಗಿರಲಿ.
6. ಹೋತ, ಟಗರನ್ನು ಓಣಿಗೆಲ್ಲ ಎರವಲು ಕೊಡುವಾಗ ಅದರ ಆರೋಗ್ಯ ನೋಡಿರಿ.
7. ಬೇಗದ ರೋಗಗಳ ಲಸಿಕೆಗಳನ್ನು ತಪ್ಪಿಸಬೇಡಿರಿ. ಲಸಿಕೆ ಇಲ್ಲದ ರೋಗದ ಚಿಂತೆಯಲ್ಲಿ ಲಸಿಕೆ ಇರುವ ರೋಗವನ್ನು ಮರೆಯಬಾರದು.

ಸಂಘ ಏನು ಮಾಡಬಹುದು?

ಆಡು-ಕುರಿ ಸತ್ತರೆ ಪರಿಹಾರ ಕೊಡಲು ವಿಮೆ ಇದೆ, ಸರಕಾರದ ಅನುಗ್ರಹ ಯೋಜನೆ ಇದೆ. ಅದರ ನಿಯಮಗಳನ್ನು ದನದ ದವಾಖಾನಿಯಲ್ಲಿ ಕೇಳಿ ತಿಳಿಯಿರಿ. ಆದರೆ ಈ ರೋಗದ ಆಡು ಬೇಗ ಸಾಯುವುದಿಲ್ಲ. ಬದುಕಿಯೇ ಇರುತ್ತದೆ, ಹಾಲು ಕೊಡುವುದಿಲ್ಲ, ಮೈ ಹಿಡಿಯುವುದಿಲ್ಲ. ನಷ್ಟ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಆಗುತ್ತದೆ. ಅದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಆದ್ದರಿಂದ ಸಂಘದ ಪುಸ್ತಕದಲ್ಲಿ ಸಾಲದ ಲೆಕ್ಕದ ಜೊತೆ ಆಡಿನ ಲೆಕ್ಕವೂ ಇರಲಿ. ಯಾವ ಆಡು ಎಲ್ಲಿಂದ ಬಂತು, ಯಾವಾಗ ಈಯಿತು, ಎಷ್ಟು ಮರಿ ಉಳಿದವು, ಯಾವ ಲಸಿಕೆ ಆಯಿತು, ಇಷ್ಟು ಬರೆದರೆ ಸಾಕು. ಎರಡು ವರ್ಷದ ಲೆಕ್ಕ ನೋಡಿದರೆ ಎಲ್ಲಿ ಏನು ಕೆಟ್ಟಿದೆ ಎಂದು ನಮಗೇ ತಿಳಿಯುತ್ತದೆ. ಓದು ಬಾರದ ಸದಸ್ಯೆಯರಿಗೆ ಮಕ್ಕಳು ಬರೆದು ಕೊಡಲಿ.

ಇನ್ನೊಂದು ಮಾತು. "ನನ್ನ ಆಡಿಗೆ ಏನೋ ಆಗ್ಯಾದ" ಎಂದು ಸಭೆಯಲ್ಲಿ ನಿಜ ಹೇಳಿದವಳಿಗೆ ದಂಡವೋ, ಅವಮಾನವೋ ಆದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ರಾತ್ರೋರಾತ್ರಿ ಆಡನ್ನು ಸಂತಿಗೆ ಸಾಗಿಸುತ್ತಾರೆ. ಹಾಗಾಗುವುದರ ಬದಲು ನಿಜ ಹೇಳಿದವಳ ಕಂತಿಗೆ ಎರಡು ತಿಂಗಳು ಅವಕಾಶ ಕೊಡುವುದು, ಪರೀಕ್ಷೆಯ ಖರ್ಚಿಗೆ ಸಂಘದ ನಿಧಿಯಿಂದ ಸ್ವಲ್ಪ ನೆರವು ಕೊಡುವುದು ಒಳ್ಳೆಯದು. ಒಬ್ಬಳು ನಿಜ ಹೇಳಿದರೆ ಓಣಿಯ ಎಲ್ಲ ಆಡು ಉಳಿಯುತ್ತವೆ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ

- ನಮ್ಮ ಸಂಘದ ಸದಸ್ಯೆಯರ ಬಳಿ ಒಟ್ಟು ಎಷ್ಟು ಆಡು, ಎಷ್ಟು ಕುರಿ ಇವೆ? ಹೋದ ವರ್ಷ ಎಲ್ಲಿಂದ ಕೊಂಡೆವು?
- ತಬ್ಬಲಿ ಮರಿಗಳಿಗೆ ನಾವು ಹಾಲು ಹೇಗೆ ಕುಡಿಸುತ್ತೇವೆ?
- ಹಿರೇಬ್ಯಾನಿ ಲಸಿಕೆ ಯಾರದು ಆಗಿದೆ, ಯಾರದು ಆಗಿಲ್ಲ?
- ರೋಗದ ಆಡನ್ನು ಸಾಕಲು ಮಾರುವುದಿಲ್ಲ ಎಂದು ಸಂಘದಲ್ಲಿ ಠರಾವು ಮಾಡೋಣವೆ? ಮಾಡಿದರೆ ನಷ್ಟವಾದ ಸದಸ್ಯೆಗೆ ನಾವೆಲ್ಲ ಏನು ನೆರವು ಕೊಡುತ್ತೇವೆ?

ಓದು ಬಲ್ಲವರು ಈ ಪತ್ರವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ಎಲ್ಲರಿಗೂ ತಿಳಿಸಿರಿ. ಸಂಘಕ್ಕೆ ಸೇರದ, ಆದರೆ ಆಡು ಸಾಕುವ ನೆರೆಮನೆಯವರಿಗೂ ಹೇಳಿರಿ.